ಒಬ್ಬರಿಗೆ ಕಾರವಾರ, ಒಬ್ಬರಿಗೆ ಶಿರಸಿ: ಮನೆ ಎಲ್ಲಿ ಮಾಡೋದು?

ದುರ್ಗದ ಮಂದಿ:

ಎಲ್ಲರಿಗೂ ನಮಸ್ಕಾರ. ನಾವು ಚಿತ್ರದುರ್ಗದ ಕಡೆಯವರು. ನನಗೆ ಬ್ಯಾಂಕಿನಲ್ಲಿ ಕೆಲಸ, ಹೋದ ತಿಂಗಳು ಕಾರವಾರಕ್ಕೆ ವರ್ಗವಾಯಿತು. ಹೆಂಡತಿ ಹೈಸ್ಕೂಲ್ ಟೀಚರ್. ಅವಳಿಗೆ ಕೌನ್ಸೆಲಿಂಗಿನಲ್ಲಿ ಶಿರಸಿ ಸಿಕ್ಕಿದೆ. ಎರಡೂ ಉತ್ತರ ಕನ್ನಡ ಜಿಲ್ಲೆ ಅಂತ ಗೊತ್ತಾದ ದಿನ ಮನೆಯಲ್ಲಿ ಕೇಸರಿಬಾತ್ ಮಾಡಿದ್ದೆವು. ಒಂದೇ ಜಿಲ್ಲೆ ತಾನೆ, ಹೆಚ್ಚೆಂದರೆ ನಲವತ್ತು ಐವತ್ತು ಕಿಲೋಮೀಟರ್ ಇದ್ದೀತು, ಒಬ್ಬರು ಬಸ್ಸಲ್ಲಿ ಒಬ್ಬರು ಬೈಕಲ್ಲಿ ಹೇಗೋ ನಡೆಯುತ್ತದೆ ಅಂದುಕೊಂಡಿದ್ದು. ರಾತ್ರಿ ಮ್ಯಾಪ್ ತೆಗೆದು ನೋಡಿದರೆ ಹತ್ತಿರ ಹತ್ತಿರ 120 ಕಿ.ಮೀ. ತೋರಿಸುತ್ತಿದೆ, ಅದರಲ್ಲೂ ನಡುವೆ ರಸ್ತೆ ಜಿಲೇಬಿ ಹಾಗೆ ಸುತ್ತಿಕೊಂಡಿದೆ.

ಅದು ಸಾಲದು ಅಂತ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಹೆಂಡತಿಯ ಒಂದು ಕಾಗದ ಕೊಡಬೇಕಿತ್ತು. ಜಿಲ್ಲಾ ಕೇಂದ್ರ ಕಾರವಾರ, ನಾನು ಹೇಗೂ ಅಲ್ಲೇ ಇದ್ದೇನಲ್ಲ, ನಾನೇ ಕೊಟ್ಟರಾಯಿತು ಅಂತ ಅರ್ಧ ದಿನ ರಜೆ ಹಾಕಿ ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಮೇಲಿನ ಒಂದು ಸಾಲು ಓದಿ ಕಾಗದ ವಾಪಸ್ ಕೊಟ್ಟರು. "ಇದು ಘಟ್ಟದ ಮೇಲಿಂದು, ಶಿರಸಿಗೆ ಹೋಗಬೇಕು" ಅಂದರು. ಜಿಲ್ಲಾ ಕೇಂದ್ರದಲ್ಲಿ ನಿಂತುಕೊಂಡು ಬೇರೆ ಊರಿಗೆ ಹೋಗಿ ಅನ್ನಿಸಿಕೊಂಡಿದ್ದು ಇದೇ ಮೊದಲು.

ಈಗ ಕೇಳಬೇಕಾಗಿದ್ದು ಏನೆಂದರೆ, ನಾವಿಬ್ಬರೂ ಒಂದೇ ಮನೆಯಲ್ಲಿ ಇರಬೇಕಾದರೆ ಅದು ಯಾವ ಊರಲ್ಲಿರಬೇಕು? ಬಸ್ಸು ಹೇಗೆ, ರೈಲು ಇದೆಯಾ, ಆಸ್ಪತ್ರೆ ಎಲ್ಲಿ, ಯಾವ ಕೆಲಸಕ್ಕೆ ಯಾವ ಊರಿಗೆ ಹೋಗಬೇಕು, ಇದೆಲ್ಲ ಅಲ್ಲಿಯವರೇ ಹೇಳಿದರೆ ಉಪಕಾರ. ಅಪ್ಪ ನಮ್ಮ ಜೊತೆಗೇ ಇರುತ್ತಾರೆ, ಅವರಿಗೆ ಬೆಳಗ್ಗೆ ಪೇಪರ್, ಸಂಜೆ ರೇಡಿಯೊ ಇಲ್ಲದಿದ್ದರೆ ಆಗುವುದಿಲ್ಲ. ಅದೂ ಸ್ವಲ್ಪ ನೋಡಿ.

ಮಂಡಿಪೇಟೆ:

ಕೇಸರಿಬಾತ್ ಸುಮ್ನೆ ಹೋಯ್ತು ಬಿಡಿ.

ನಾನು ಶಿರಸಿಯವನು. ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ, ಉಳಿದಿದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ನಮ್ಮಲ್ಲಿ ಯಾರೂ ನೀವು ಯಾವ ಜಿಲ್ಲೆ ಅಂತ ಕೇಳುವುದಿಲ್ಲ. ಘಟ್ಟದ ಮೇಲೋ ಕೆಳಗೋ ಅಂತ ಕೇಳುತ್ತಾರೆ. ಜಿಲ್ಲೆ 10,291 ಚದರ ಕಿಲೋಮೀಟರ್, ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡು. ತಾಲ್ಲೂಕು ಹನ್ನೆರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಈ ಐದು ಕೆಳಗೆ, ಸಮುದ್ರದ ಅಂಚಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೊಯಿಡಾ, ಆಮೇಲೆ ಹೊಸದಾಗಿ ತಾಲ್ಲೂಕಾದ ದಾಂಡೇಲಿ, ಇವಿಷ್ಟು ಮೇಲೆ. ನಡುವೆ ಸಹ್ಯಾದ್ರಿ. ದೇವಿಮನೆ ಘಟ್ಟ, ಅರಬೈಲ್ ಘಟ್ಟ, ದೊಡ್ಮನೆ ಘಟ್ಟ, ಅಣಶಿ ಘಟ್ಟ ಅಂತ ಇಳಿಯುವ ದಾರಿಗಳು ನಾಲ್ಕಾರು ಇವೆ. ಒಂದೊಂದಕ್ಕೂ ಒಂದೊಂದು ಮೂಡು.

ನಿಮ್ಮ ಕಾಗದದ ಕಥೆ ಹೀಗೆ. ಶಿಕ್ಷಣ ಇಲಾಖೆಗೆ ನಮ್ಮದು ಒಂದು ಜಿಲ್ಲೆ ಅಲ್ಲ, ಎರಡು. ಕಾರವಾರ ಶೈಕ್ಷಣಿಕ ಜಿಲ್ಲೆ, ಶಿರಸಿ ಶೈಕ್ಷಣಿಕ ಜಿಲ್ಲೆ. ಇಬ್ಬರು ಡಿಡಿಪಿಐ, ಅಂದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ಗಡಿ ಎಲ್ಲಿ ಅಂದರೆ ಸರಿಯಾಗಿ ಘಟ್ಟದ ಮೇಲೆಯೇ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಟಿವಿಯಲ್ಲಿ ಜಿಲ್ಲಾವಾರು ಪಟ್ಟಿ ಹಾಕುತ್ತಾರಲ್ಲ, ಅದರಲ್ಲಿ ಶಿರಸಿ ಬೇರೆ, ಉತ್ತರ ಕನ್ನಡ ಬೇರೆ. ಹೊರಗಿನವರು ಶಿರಸಿ ಯಾವಾಗ ಜಿಲ್ಲೆ ಆಯಿತು ಅಂತ ಪ್ರತಿ ವರ್ಷ ಕೇಳುತ್ತಾರೆ, ನಾವು ಪ್ರತಿ ವರ್ಷ ಇದೇ ಉತ್ತರ ಹೇಳುತ್ತೇವೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಜಿಲ್ಲಾಧಿಕಾರಿ, ಎಸ್ಪಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ನ್ಯಾಯಾಲಯ ಎಲ್ಲ ಕಾರವಾರದಲ್ಲಿ. ಆದರೆ ಬಸ್ಸಿನ ವಿಭಾಗೀಯ ಕಚೇರಿ ಶಿರಸಿಯಲ್ಲಿ. ಕೆಡಿಸಿಸಿ, ಅಂದರೆ ಜಿಲ್ಲಾ ಸಹಕಾರಿ ಬ್ಯಾಂಕಿನ ಕೇಂದ್ರ ಕಚೇರಿಯೂ ಶಿರಸಿಯಲ್ಲೇ. ಅರಣ್ಯ ಇಲಾಖೆಯ ಕೆನರಾ ವೃತ್ತ ಅಂತ ಇದೆ, ಅದರ ದೊಡ್ಡ ಸಾಹೇಬರು ಕೂರುವುದೂ ಇಲ್ಲೇ. ಕರೆಂಟು ಹೆಸ್ಕಾಂದು, ಅದರ ಮುಖ್ಯ ಕಚೇರಿ ಹುಬ್ಬಳ್ಳಿ. ವಾಯವ್ಯ ಸಾರಿಗೆ ಸಂಸ್ಥೆಯದೂ ಹುಬ್ಬಳ್ಳಿ, 1997ರಲ್ಲಿ ಕೆಎಸ್ಸಾರ್ಟಿಸಿಯಿಂದ ಬೇರೆ ಮಾಡಿದಾಗಿನಿಂದ. ಹೈಕೋರ್ಟಿಗೆ ಹೋಗಬೇಕಾದರೆ ಧಾರವಾಡ ಪೀಠ. ಗಾಡಿ ನಂಬರ್ ನೋಡಿ, ಒಂದೇ ಜಿಲ್ಲೆಗೆ ನಾಲ್ಕು: ಕಾರವಾರ ಕೆಎ 30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಎಂಪಿ ಓಟು ಹಾಕುವಾಗ ಇನ್ನೊಂದು ತಮಾಷೆ, ನಮ್ಮ ಆರು ವಿಧಾನಸಭಾ ಕ್ಷೇತ್ರದ ಜೊತೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಕೂಡ ನಮ್ಮ ಲೋಕಸಭಾ ಕ್ಷೇತ್ರಕ್ಕೇ ಸೇರುತ್ತವೆ. ಭಟ್ಕಳದವನು, ಕಿತ್ತೂರಿನವನು ಒಬ್ಬನೇ ಎಂಪಿಯನ್ನು ಆರಿಸಬೇಕು. ಇಬ್ಬರಿಗೂ ಒಬ್ಬರ ಊರಿನ ದಾರಿ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಶಿರಸಿಯಲ್ಲಿ ರೈಲಿಲ್ಲ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ಅಭ್ಯಾಸವಾಗಿದೆ. ಬೆಂಗಳೂರಿಗೆ ರಾತ್ರಿ ಬಸ್ಸೇ ಸೈ. ರೈಲೇ ಬೇಕು ಅನ್ನುವವರು ಹಾವೇರಿಗೋ ಹುಬ್ಬಳ್ಳಿಗೋ ಹೋಗುತ್ತಾರೆ, ಸಿದ್ದಾಪುರದ ಕಡೆಯವರು ತಾಳಗುಪ್ಪಕ್ಕೆ ಹೋಗುತ್ತಾರೆ, ಅಲ್ಲಿಂದ ಶಿವಮೊಗ್ಗ, ಮೈಸೂರು ಕಡೆ ಗಾಡಿ ಇದೆ. ಬಸ್ ಸ್ಟ್ಯಾಂಡ್ ಮಾತ್ರ ಎರಡು, ಹಳೇದು ಮತ್ತು ಹೊಸದು. ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ನಿಮಗೆ ಮುಂದಿನ ವರ್ಗಾವಣೆ ಬಂದಿರುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಮನೆ ಹುಡುಕಲು ಬರಬೇಡಿ, ನಿಲ್ಲಲು ಜಾಗ ಸಿಗುವುದಿಲ್ಲ.

ನಿಮ್ಮ ಅಪ್ಪನಿಗೆ ಪೇಪರಿನ ಚಿಂತೆ ಬೇಡ. ರಾಜ್ಯದ ಪೇಪರುಗಳ ಹುಬ್ಬಳ್ಳಿ ಆವೃತ್ತಿ ಬೆಳಗ್ಗೆ ಬರುತ್ತದೆ. ಜೊತೆಗೆ ಶಿರಸಿಯದೇ ಲೋಕಧ್ವನಿ ಇದೆ. ಅದರಲ್ಲಿ ಅಡಿಕೆ ರೇಟು, ಯಾರ ಮನೆಯ ಮದುವೆ, ಯಾವ ಊರಲ್ಲಿ ಯಕ್ಷಗಾನ, ಯಾರು ತೀರಿಕೊಂಡರು ಎಲ್ಲ ಇರುತ್ತದೆ. ನಮ್ಮ ಮಾವ ದಿಲ್ಲಿಯ ಸುದ್ದಿ ಓದುವುದು ಕೊನೆಗೆ, ಮೊದಲು ರಾಶಿ ಅಡಿಕೆ ಎಷ್ಟಾಯಿತು ಅಂತ ನೋಡಿ ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾರೆ. 1923ರಿಂದ ಇರುವ ತೋಟಗಾರರ ಸೇಲ್ ಸೊಸೈಟಿ ಇರುವ ಊರಿದು. ಇಲ್ಲಿ ಹಬ್ಬ, ಮನೆ ಕಟ್ಟುವುದು, ಮಗಳ ಮದುವೆ ಎಲ್ಲ ಆ ರೇಟಿನ ಮೇಲೆಯೇ ನಿಂತಿರುತ್ತದೆ.

ಮನೆ ಶಿರಸಿಯಲ್ಲೇ ಮಾಡಿ. ಸೆಕೆ ಇಲ್ಲ.

ಕೋಡಿಬಾಗ:

ಮೇಲಿನವರು ಹೇಳಿದ್ದೆಲ್ಲ ಖರೆ, ಕೊನೆಯ ಎರಡು ವಾಕ್ಯ ಬಿಟ್ಟು. ಸೆಕೆ ಇಲ್ಲ ಅಂದರೆ ಸಮುದ್ರವೂ ಇಲ್ಲ.

ಕಾರವಾರ ಹೀಗೆ ಮೂಲೆಯಲ್ಲಿ ಇದ್ದುಕೊಂಡು ಜಿಲ್ಲಾ ಕೇಂದ್ರ ಯಾಕಾಯಿತು ಅಂತ ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ. ಮಾಜಾಳಿ ದಾಟಿದರೆ ಗೋವಾ, ಭಟ್ಕಳದವರು ಇಲ್ಲಿಗೆ ಬಂದು ಹೋಗಬೇಕಾದರೆ ಒಂದು ದಿನವೇ ಬೇಕು. ಕಾರಣ ಹತ್ತಿ. ಮೊದಲು ಕೆನರಾ ಅಂತ ಒಂದೇ ದೊಡ್ಡ ಜಿಲ್ಲೆ ಇತ್ತು, ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, ಕೇಂದ್ರ ಮಂಗಳೂರು. ಧಾರವಾಡ ಕಡೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಒಂದು ಒಳ್ಳೆಯ ಬಂದರು ಬೇಕು ಅಂತ ಇಂಗ್ಲೆಂಡಿನ ಬಟ್ಟೆ ಗಿರಣಿಯವರ ಒತ್ತಾಯ. ಧಾರವಾಡ ಬಾಂಬೆ ಪ್ರಾಂತದಲ್ಲಿ, ಬಂದರು ಮದ್ರಾಸ್ ಪ್ರಾಂತದಲ್ಲಿ. ಇದೊಂದು ತ್ರಾಸು ಅಂತ 1862ರಲ್ಲಿ ಉತ್ತರದ ಭಾಗವನ್ನು ಕತ್ತರಿಸಿ ಬಾಂಬೆಗೆ ಸೇರಿಸಿದರು. ಕಾರವಾರಕ್ಕೆ ಅದೃಷ್ಟ ಬಂತು. ಆದರೆ ರೈಲು ಬರಲಿಲ್ಲ. 1880ರ ದಶಕದಲ್ಲಿ ರೈಲು ಕ್ಯಾಸಲ್‌ರಾಕ್ ಮೇಲಿಂದ ಗೋವಾದ ಮುರಗಾಂವ್ ಬಂದರಿಗೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ತಮಾಷೆ ಏನೆಂದರೆ ಆ ಕ್ಯಾಸಲ್‌ರಾಕ್ ಇರುವುದು ನಮ್ಮದೇ ಜೊಯಿಡಾ ತಾಲ್ಲೂಕಿನಲ್ಲಿ. ನಮ್ಮ ಜಿಲ್ಲೆಯ ಮೇಲೆಯೇ ಹಾಯ್ದು ನಮ್ಮನ್ನು ಬಿಟ್ಟು ಹೋದ ರೈಲು ಅದು. ಕಾರವಾರದವರಿಗೆ ರೈಲು ನೋಡಲು ಇನ್ನೂ ನೂರು ವರ್ಷ ಬೇಕಾಯಿತು, ಕೊಂಕಣ ರೈಲ್ವೆ ಪೂರ್ತಿ ಶುರುವಾಗಿದ್ದು 1998ರ ಜನವರಿ 26ಕ್ಕೆ.

ಕೇಂದ್ರ ಮಾತ್ರ ಇಲ್ಲೇ ಉಳಿಯಿತು. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಐಸಿಎಸ್ ಪಾಸಾದ ಮೊದಲ ಭಾರತೀಯರು ಅವರೇ. ಅಣ್ಣನ ಮನೆಗೆ ಬಂದು ಉಳಿದಿದ್ದ ತಮ್ಮ ಕಾಳಿ ನದಿಯಲ್ಲಿ ದೋಣಿ ಹತ್ತಿ ಬೆಳದಿಂಗಳು ನೋಡಿದ್ದಕ್ಕೆ ಈಗ ಬೀಚಿಗೆ ಅವರದೇ ಹೆಸರು. ಸಂಜೆ ಬ್ಯಾಂಕು ಮುಗಿಸಿ ಅಲ್ಲಿಗೆ ಹೋಗಿ. ನಿವೃತ್ತಿಯಾದ ಯುದ್ಧನೌಕೆ ಚಾಪೆಲ್ ಮರಳಿನ ಮೇಲೆ ನಿಂತಿದೆ, ಪಕ್ಕಕ್ಕೆ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವನ್ನೂ ತಂದು ಇಟ್ಟಿದ್ದಾರೆ. ಹಡಗಿನ ನೆರಳಲ್ಲಿ ಕಡಲೆಕಾಯಿ ತಿನ್ನುವ ಜಾಗ ಇನ್ನೆಲ್ಲಿ ಸಿಗಬೇಕು ನಿಮಗೆ?

ಈಗ ಕೆಲಸದ ಮಾತು. ರೈಲ್ವೆ ಸ್ಟೇಷನ್ ಊರೊಳಗಿಲ್ಲ, ಶಿರವಾಡದಲ್ಲಿದೆ. ಆಟೊ ಖರ್ಚು ಸೇರಿಸಿಯೇ ಲೆಕ್ಕ ಹಾಕಿ. ಬೆಂಗಳೂರಿಗೆ ಪಂಚಗಂಗಾ ರಾತ್ರಿ ಗಾಡಿ ಇದೆ, ಮುಂಬೈಗೆ ಮತ್ಸ್ಯಗಂಧಾ. ಗೋವಾಕ್ಕೆ ಅವರ ಕದಂಬ ಬಸ್ಸೂ ಬರುತ್ತದೆ, ನಮ್ಮ ಕೆಂಪು ಬಸ್ಸೂ ಹೋಗುತ್ತದೆ, ಮಡಗಾಂವ್ ಸುಮಾರು ಎಪ್ಪತ್ತು ಕಿಲೋಮೀಟರ್. ಶಿರಸಿಗಿಂತ ಗೋವಾ ಹತ್ತಿರ ಅನ್ನುವುದು ಜೋಕಲ್ಲ, ಲೆಕ್ಕ. ಪೇಟೆಯಲ್ಲಿ ಕೊಂಕಣಿ ಜಾಸ್ತಿ ಕೇಳಿಸುತ್ತದೆ, ಹೆದರಬೇಡಿ, ಕಚೇರಿ ಕೆಲಸವೆಲ್ಲ ಕನ್ನಡದಲ್ಲೇ. ಮೀನು ತಿನ್ನದವರಾದರೆ ಸ್ವಲ್ಪ ಅನುಕಂಪ ಸಿಗುತ್ತದೆ ಅಷ್ಟೇ.

ಕಾಳಿ ನದಿಯ ಹಳೇ ಸೇತುವೆಯ ವಿಷಯ ನೀವು ಪೇಪರಲ್ಲಿ ಓದಿರುತ್ತೀರಿ. 2024ರ ಆಗಸ್ಟ್ 7ರ ರಾತ್ರಿ ಕುಸಿದು ಬಿತ್ತು, ಒಂದು ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿ ಬಂದ. ನಮ್ಮ ಮನೆ ಈ ದಡದಲ್ಲಿ, ತಂಗಿಯ ಮನೆ ಆ ದಡದ ಸದಾಶಿವಗಡದಲ್ಲಿ. ಅವತ್ತು ರಾತ್ರಿ ಅವಳು ಫೋನ್ ಮಾಡಿ "ಸೇತುವೆ ಇಲ್ಲ" ಅಂದಾಗ ನಿದ್ದೆಗಣ್ಣಲ್ಲಿ "ಎಲ್ಲಿಗೆ ಹೋಯ್ತು?" ಅಂತ ಕೇಳಿದ್ದೆ. ಪಕ್ಕದ ಹೊಸ ಸೇತುವೆ ಗಟ್ಟಿ ಇತ್ತು, ಅದರ ಮೇಲೆಯೇ ಎರಡೂ ಕಡೆಯ ಗಾಡಿ ಬಿಟ್ಟರು.

ಆಸ್ಪತ್ರೆಯ ಬಗ್ಗೆ ಕೇಳಿದಿರಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಕ್ರಿಮ್ಸ್ ಅನ್ನುತ್ತಾರೆ. ದಿನದ ಕಾಯಿಲೆಗೆ, ಹೆರಿಗೆಗೆ ಜನ ಅಲ್ಲಿಗೇ ಹೋಗುತ್ತಾರೆ. ಹೃದಯ, ತಲೆಗೆ ಪೆಟ್ಟು ಇಂಥದ್ದಕ್ಕೆ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಬಹಳ ಕಾಲದ ಕೂಗು, 2022ರಲ್ಲಿ ಫೇಸ್‌ಬುಕ್ಕು ಟ್ವಿಟರಿನ ತುಂಬ ಅದೇ ಆಗಿತ್ತು. ಸದ್ಯಕ್ಕೆ ದೊಡ್ಡದು ಏನಾದರೂ ಆದರೆ ಕಾರವಾರದವರು ಗೋವಾಕ್ಕೆ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ವಯಸ್ಸಾದ ಅಪ್ಪ ಜೊತೆಗಿದ್ದಾರೆ ಅಂದಿರಲ್ಲ, ಮನೆ ನೋಡುವಾಗ ಬಾಡಿಗೆಗಿಂತ ಇದನ್ನು ಮೊದಲು ಯೋಚಿಸಿ.

ಕುಮಟಾ ಪ್ಯಾಸೆಂಜರ್:

ಇಬ್ಬರೂ ತಮ್ಮ ತಮ್ಮ ಊರನ್ನೇ ಹೊಗಳಿ ಕೂತಿರಿ, ಪಾಪ ಅವರು ಕೇಳಿದ್ದು ಮನೆ ಎಲ್ಲಿ ಅಂತ.

ನಾನು ಆರು ವರ್ಷ ಕುಮಟಾದಿಂದ ಶಿರಸಿಗೆ ದಿನಾ ಓಡಾಡಿದವಳು. ನನ್ನ ಗಂಡ ಅಂಕೋಲಾಕ್ಕೆ. ಆದ್ದರಿಂದ ನಿಮ್ಮ ಸಂಸಾರದ ಸಮಸ್ಯೆ ನನಗೆ ಚೆನ್ನಾಗಿ ಗೊತ್ತು. ಕಾರವಾರದಿಂದ ಕುಮಟಾ ಸುಮಾರು ಎಪ್ಪತ್ತು, ಕುಮಟಾದಿಂದ ಶಿರಸಿ ಸುಮಾರು ಅರವತ್ತು. ನೋಡಲು ಸರಿಯಾಗಿ ಅರ್ಧ. ಆದರೆ ಈ ಎಪ್ಪತ್ತು ಆ ಅರವತ್ತು ಒಂದೇ ಅಲ್ಲ. ಕೆಳಗಿನದು ರಾಷ್ಟ್ರೀಯ ಹೆದ್ದಾರಿ 66, ಹಳಬರ ಬಾಯಲ್ಲಿ ಇನ್ನೂ ಹದಿನೇಳು, ಬಹುತೇಕ ನಾಲ್ಕು ಪಥ ಆಗಿದೆ. ಮೇಲಿನದು ದೇವಿಮನೆ ಘಟ್ಟ. ಹೆಸರಿಗೆ ಅದೂ ರಾಷ್ಟ್ರೀಯ ಹೆದ್ದಾರಿಯೇ, 766ಇ, ಹಾವೇರಿವರೆಗೆ ಹೋಗುತ್ತದೆ. ಅಗಲ ಮಾಡುವ ಕೆಲಸ ಕೆಲವು ವರ್ಷದಿಂದ ನಡೆದಿದೆ. ಮಳೆಗಾಲದಲ್ಲಿ ಯಾವ ತಿರುವಿನಲ್ಲಿ ಮಣ್ಣು ಜಾರಿದೆ ಅಂತ ಡ್ರೈವರ್‌ಗಳೇ ಎದುರಿನ ಬಸ್ಸಿನವರಿಗೆ ಕೈ ಸನ್ನೆಯಲ್ಲಿ ಹೇಳುತ್ತಾರೆ. ಒಂದು ಬೆರಳು ತೋರಿಸಿದರೆ ಒಂದೇ ಕಡೆ ದಾರಿ, ಕೈ ಅಡ್ಡ ಆಡಿಸಿದರೆ ವಾಪಸ್ ತಿರುಗಿಸು ಅಂತ. ಎರಡನೇ ವರ್ಷದಲ್ಲಿ ನನಗೂ ಆ ಭಾಷೆ ಬಂದಿತ್ತು.

ಬೆಳಗಿನ ಬಸ್ಸಿನ ಚಿತ್ರ ಹೇಳುತ್ತೇನೆ ಕೇಳಿ. ಕುಮಟಾ ಸ್ಟ್ಯಾಂಡಿನಲ್ಲಿ ಹತ್ತುವಾಗ ಬೆವರು. ಮುಂದಿನ ಸೀಟಿನ ಕೆಳಗೆ ಮೀನಿನ ಬುಟ್ಟಿ, ಅದರ ಮೇಲೆ ಅಡಿಕೆ ಹಾಳೆ ಮುಚ್ಚಿರುತ್ತದೆ, ವಾಸನೆ ಮಾತ್ರ ಮುಚ್ಚುವುದಿಲ್ಲ. ಅರ್ಧ ಬಸ್ಸು ನಮ್ಮಂಥ ಟೀಚರುಗಳು, ಬ್ಯಾಂಕಿನವರು, ಆಸ್ಪತ್ರೆಯ ಸಿಸ್ಟರ್‌ಗಳು. ಘಟ್ಟ ಶುರುವಾದ ಕೂಡಲೇ ಮಾತು ನಿಲ್ಲುತ್ತದೆ, ಕೆಲವರಿಗೆ ನಿದ್ದೆ, ಕೆಲವರಿಗೆ ವಾಂತಿ. ನಿಂಬೆಹಣ್ಣು ಕೈಯಲ್ಲಿ ಹಿಡಿದವಳು ಹೊಸಬಳು ಅಂತ ಅರ್ಥ. ಮೇಲೆ ಹತ್ತುತ್ತಾ ಕಿವಿ ಗುಂಯ್ ಅನ್ನುತ್ತದೆ, ಕಿಟಕಿಯಿಂದ ತಣ್ಣನೆ ಗಾಳಿ ಬಂದಾಗ ಎಲ್ಲರೂ ಒಟ್ಟಿಗೆ ಶಾಲು ತೆಗೆಯುತ್ತಾರೆ. ಶಿರಸಿ ಸಮುದ್ರ ಮಟ್ಟದಿಂದ ಆರುನೂರು ಮೀಟರ್ ಹತ್ತಿರ ಹತ್ತಿರ ಇದೆ. ಒಂದು ಬಸ್ಸಿನ ಒಳಗೆ ಎರಡು ಹವಾಮಾನ.

ದುಡ್ಡಿನ ಲೆಕ್ಕ ಬೇರೆ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಆಧಾರ್ ತೋರಿಸಿದರೆ ಹೆಂಗಸರಿಗೆ ಕೆಂಪು ಬಸ್ಸು ಪುಕ್ಕಟೆ. ಗೋವಾಕ್ಕೆ ಹೋಗುವ ಬಸ್ಸಿಗೆ ಇಲ್ಲ. ಆದ್ದರಿಂದ ದೂರದ ಓಡಾಟ ನಿಮ್ಮ ಮನೆಯವರಿಗೆ ಬಿದ್ದರೆ ಖರ್ಚು ಸೊನ್ನೆ, ನಿಮಗೆ ಬಿದ್ದರೆ ತಿಂಗಳ ಪಾಸು. ಇದನ್ನು ನಾನು ಹೇಳಿದೆ ಅಂತ ಅವರಿಗೆ ಹೇಳಬೇಡಿ. ಆದರೆ ಘಟ್ಟ ಅವರು ಹತ್ತಬೇಕು, ನೀವು ಸಪಾಟು ರಸ್ತೆಯಲ್ಲಿ ಹೋಗುತ್ತೀರಿ, ಅದನ್ನೂ ಲೆಕ್ಕ ಹಿಡಿಯಬೇಕು ಅಲ್ವಾ.

ನಿಮಗೆ ರೈಲು ಕೂಡ ಇದೆ. ಕುಮಟಾ, ಮಿರ್ಜಾನ, ಗೋಕರ್ಣ ರೋಡ್, ಅಂಕೋಲಾ, ಹಾರವಾಡ, ಆಮೇಲೆ ಕಾರವಾರ. ಮಡಗಾಂವ್ ಮಂಗಳೂರು ನಡುವಿನ ಪ್ಯಾಸೆಂಜರ್ ಎಲ್ಲ ಕಡೆ ನಿಲ್ಲುತ್ತದೆ. ಆದರೆ ಕೊಂಕಣ ರೈಲ್ವೆ ಇಲ್ಲಿ ಒಂದೇ ಹಳಿ. ಎದುರಿನ ಗಾಡಿಗೆ ದಾರಿ ಕೊಡಲು ಎಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಅನ್ನುವುದು ದೇವರ ಚಿತ್ತ. ಬ್ಯಾಂಕಿನ ಬಾಗಿಲು ತೆಗೆಯುವವರು ನೀವಾದರೆ ಬಸ್ಸೇ ನಂಬಿ. ಗೋಕರ್ಣ ರೋಡ್ ಅಂದ ತಕ್ಷಣ ಗೋಕರ್ಣ ಅಂದುಕೊಂಡು ಇಳಿದುಬಿಡಬೇಡಿ, ಊರು ಅಲ್ಲಿಂದ ಎಂಟೊಂಬತ್ತು ಕಿಲೋಮೀಟರ್. ದಕ್ಷಿಣಕ್ಕೆ ಹೊನ್ನಾವರ, ಭಟ್ಕಳದ ಕಡೆ ಹೋಗುವಾಗ ಮಾತ್ರ ರೈಲೇ ಚೆಂದ. ಶರಾವತಿ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಹೋಗಿ ಬನ್ನಿ. ಹತ್ತಿರದ ಊರುಗಳಿಗೆ ಟೆಂಪೊ ಇದೆ, ಅದಕ್ಕೆ ಟೈಮ್ ಟೇಬಲ್ ಇಲ್ಲ, ತುಂಬಿದ ಮೇಲೆ ಹೊರಡುತ್ತದೆ. ತುಂಬಿತು ಅಂತ ನಿಮಗನ್ನಿಸಿದ ಮೇಲೆ ಇನ್ನೂ ಆರು ಜನ ಹತ್ತುತ್ತಾರೆ.

ಒಂದು ಮಾತು ಮಳೆಗಾಲದ ಬಗ್ಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಗೆ ಬಿತ್ತು. ರಸ್ತೆ ಪಕ್ಕದ ಚಹಾ ಅಂಗಡಿಯ ಸಂಸಾರವೇ ಹೋಯಿತು. ನನ್ನ ಗಂಡ ಅದೇ ದಾರಿಯಲ್ಲಿ ದಿನಾ ಹೋಗುತ್ತಿದ್ದವರು, ಎಷ್ಟೋ ಸಲ ಅಲ್ಲೇ ಚಹಾ ಕುಡಿದವರು. ಆಮೇಲೆ ದಿನಗಟ್ಟಲೆ ಹೆದ್ದಾರಿ ಬಂದ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಹತ್ತಿರ ಯಾರಾದರೂ ಪರಿಚಯದವರ ಮನೆ ಇಟ್ಟುಕೊಳ್ಳಿ, ರಾತ್ರಿ ಘಟ್ಟ ಬಂದ್ ಆದರೆ ಉಳಿಯಲು ಬೇಕಾಗುತ್ತದೆ. ನನ್ನ ಬ್ಯಾಗಿನಲ್ಲಿ ಆರು ವರ್ಷವೂ ಒಂದು ಜೊತೆ ಬಟ್ಟೆ, ಬ್ರಶ್ಶು ಇರುತ್ತಿತ್ತು.

ರೇಡಿಯೊ ವಿಷಯ ಯಾರೂ ಹೇಳಲಿಲ್ಲ. ಕಾರವಾರದಲ್ಲಿ ಆಕಾಶವಾಣಿ ಇದೆ, ಎಫ್‌ಎಂ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್, ಹಳೇ ಸೆಟ್ ಇದ್ದರೆ ಹಿಡಿಯುತ್ತದೆ. ನಮ್ಮ ಅತ್ತೆ ಈಗಲೂ ಅದನ್ನೇ ಕೇಳುವುದು. ಪೇಪರ್ ಕೆಳಗೆ ಕರಾವಳಿ ಮುಂಜಾವು ಓದುತ್ತಾರೆ. ಅಪ್ಪನಿಗೆ ಹಳೆಯ ಕಥೆ ಇಷ್ಟವಾದರೆ ದಿನಕರ ದೇಸಾಯಿಯವರ ಬಗ್ಗೆ ಕೇಳಲಿ. ಚುಟುಕ ಬರೆದವರು ಅಂತ ರಾಜ್ಯಕ್ಕೆ ಗೊತ್ತು, ನಮಗೆ ಅವರು ಅಂಕೋಲಾದಿಂದ ಜನಸೇವಕ ಅನ್ನುವ ವಾರಪತ್ರಿಕೆ ನಡೆಸಿದವರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದವರು. ನಾನು ಓದಿದ್ದೂ ಆ ಟ್ರಸ್ಟಿನ ಶಾಲೆಯಲ್ಲೇ.

ಯಲ್ಲಾಪುರ ಟರ್ನಿಂಗ್:

ಘಟ್ಟದ ಮೇಲೆ ಅಂದರೆ ಶಿರಸಿ ಒಂದೇ ಅಲ್ಲ ಮಾರಾಯ್ರೇ. ಹುಬ್ಬಳ್ಳಿ ಅಂಕೋಲಾ ರೈಲು ಮಾರ್ಗ ಆಗಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಕಲಘಟಗಿ, ಯಲ್ಲಾಪುರ ಮೇಲೆ ಅಂಕೋಲಾಕ್ಕೆ ರೈಲು ಬರುತ್ತದೆ ಅಂತ ತೊಂಬತ್ತರ ದಶಕದ ಕೊನೆಯಿಂದ ಕೇಳುತ್ತಿದ್ದೇವೆ. ಕಾಡು ಹೋಗುತ್ತದೆ ಅಂತ ಒಂದು ಕಡೆ, ಊರು ಉದ್ಧಾರ ಆಗುತ್ತದೆ ಅಂತ ಇನ್ನೊಂದು ಕಡೆ. ಕೋರ್ಟು, ಸಮಿತಿ, ಸರ್ವೆ. ನಮ್ಮ ಮನೆಯ ಹಿಂದೆ ಸರ್ವೆಯವರು ನೆಟ್ಟಿದ್ದ ಕಲ್ಲಿನ ಮೇಲೆ ಈಗ ಅಮ್ಮ ಬಟ್ಟೆ ಒಗೆಯುತ್ತಾಳೆ. ನನಗೆ ರೈಲು ಬೇಕು, ಕಾಡೂ ಬೇಕು. ಎರಡೂ ಬೇಕು ಅಂದರೆ ಎರಡೂ ಕಡೆಯವರು ಬೈಯುತ್ತಾರೆ.

ಮಂಡಿಪೇಟೆ:

ಶಿರಸಿ ಬೇರೆ ಜಿಲ್ಲೆ ಮಾಡಿದರೆ ಅರ್ಧ ತೊಂದರೆ ಮುಗಿಯುತ್ತದೆ. ಶಿಕ್ಷಣ ಇಲಾಖೆ ಆಗಲೇ ಮಾಡಿ ತೋರಿಸಿದೆಯಲ್ಲ.

ಕೋಡಿಬಾಗ:

ಶುರುವಾಯ್ತು. ಈ ಜಿಲ್ಲೆ ಮದ್ರಾಸ್, ಬಾಂಬೆ, 1956ರಲ್ಲಿ ಮೈಸೂರು ಅಂತ ಮೂರು ಮನೆ ತಿರುಗಿ ಬಂದಿದೆ, ಉತ್ತರ ಕನ್ನಡ ಅಂತ ಹೆಸರಾಗಿದ್ದೇ 1977ರಲ್ಲಿ. ನೀವು ಬೇರೆಯಾದರೆ ನಮಗೆ ಅಡಿಕೆ ಇಲ್ಲ, ನಿಮಗೆ ಮೀನಿಲ್ಲ. ಜೊಯಿಡಾದವರನ್ನು ಕೇಳಿದ್ದೀರಾ? ಅವರಿಗೆ ಅಣಶಿ ಘಟ್ಟ ಇಳಿದರೆ ಕಾರವಾರ, ಶಿರಸಿಗೆ ಅವರು ಯಾಕೆ ಹೋಗಬೇಕು?

ಮಂಡಿಪೇಟೆ:

ಮೀನು ನಮಗೆ ಬೇಡ, ನಮ್ಮ ಬಸ್ಸಲ್ಲಿ ಅದು ಬರುವುದೂ ಬೇಡ.

ಕುಮಟಾ ಪ್ಯಾಸೆಂಜರ್:

ಮೀನಿಗೆ ಶಿರಸಿ ಪೇಟೆಯಲ್ಲಿ ಎಷ್ಟು ಜನ ಕಾಯುತ್ತಿರುತ್ತಾರೆ ಅಂತ ನಾನು ಆರು ವರ್ಷ ನೋಡಿದ್ದೇನೆ, ಹೇಳಲಾ?

ದುರ್ಗದ ಮಂದಿ:

ಎಲ್ಲರಿಗೂ ಧನ್ಯವಾದ. ಹೆಂಡತಿಗೆ ಇದೆಲ್ಲ ಓದಿ ಹೇಳಿದೆ, ಶಕ್ತಿ ಯೋಜನೆಯ ಭಾಗ ಬಿಟ್ಟು. ಅವಳು ಫೋನ್ ಕಸಿದುಕೊಂಡು ಅದನ್ನೇ ಮೊದಲು ಓದಿದಳು. ಸದ್ಯಕ್ಕೆ ಕುಮಟಾದಲ್ಲಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ನೋಡುವುದು, ಮಳೆಗಾಲದ ನಾಲ್ಕು ತಿಂಗಳು ಅವಳು ಶಿರಸಿಯಲ್ಲಿ ಒಂದು ರೂಮು ಮಾಡುವುದು ಅಂತ ಮಾತಾಗಿದೆ. ಅಪ್ಪ ಮಾತ್ರ ಯಾವ ಊರಾದರೂ ಅಡ್ಡಿಯಿಲ್ಲ, ಸಮುದ್ರ ಕಾಣಬೇಕು ಅಂದಿದ್ದಾರೆ. ದುರ್ಗದಲ್ಲಿ ಎಪ್ಪತ್ತು ವರ್ಷ ಕಲ್ಲು ನೋಡಿ ಸಾಕಾಗಿದೆಯಂತೆ. ಸೋಮವಾರ ನನಗೆ ಕುಮಟಾದಿಂದ ಕಾರವಾರಕ್ಕೆ ಮೊದಲ ಬಸ್ಸು. ಏನಾದರೂ ಹೇಳುವುದಿದ್ದರೆ ಹೇಳಿ.

ಕುಮಟಾ ಪ್ಯಾಸೆಂಜರ್:

ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಕಾರವಾರ ಹತ್ತಿರ ಬಂದ ಹಾಗೆ ಸಮುದ್ರ ಅದೇ ಕಡೆ. ಬರುವಾಗಲೂ ಎಡಗಡೆಯೇ. ಬಲಗಡೆ ಕೂತರೆ ಸಂಜೆ ಬಿಸಿಲು ಅಂಕೋಲಾದವರೆಗೆ ಮುಖಕ್ಕೇ ಹೊಡೆಯುತ್ತದೆ.